ತೂತಿಲ್ಲದ ಪೆಟ್ಟಿಗೆ

"ಬಲಗಡೆಗೆ ಮಾತ್ರ ಕೈ ಹಾಕಬೇಡ ತಮ್ಮ," ಎಂದ ಪೇಂಟರಣ್ಣ, ಡಬ್ಬದ ಅಂಚಿಗೆ ಬ್ರಷ್ಷನ್ನು ಟಕ್ ಟಕ್ ಎಂದು ಬಡಿದು. "ಎಡಗಡೆ ಎಷ್ಟು ಬೇಕೋ ಅಷ್ಟು ಕೊಯ್ಕೋ. ಆ ಮಡ್‌ಗಾರ್ಡ್ ಹಿಂದೆ ಇರೋದನ್ನ ಇದ್ದ ಹಾಗೇ ಬಿಡು."

ಮಿಲಿಮೀಟರ್ ನಕ್ಕ. ಆ ಹೆಸರನ್ನು ಅವನಿಗೆ ಇಟ್ಟವರು ಶೆಡ್ಡಿನವರೇ. ಅಡುಗೆಮನೆಗಳಿಗೆ ಕಪಾಟು ಕೂಡಿಸುವ ಕೆಲಸ ಬಿಟ್ಟು ಅವನು ಗಾಡಿಗಳ ಕಡೆಗೆ ಹೊರಳಿ ಹೆಚ್ಚು ಕಾಲವಾಗಿರಲಿಲ್ಲ. ಊಟಕ್ಕೆ ಕೂತರೂ ತಟ್ಟೆ ಮೇಜಿನ ನಡುಮಧ್ಯದಲ್ಲಿದೆಯೇ ಎಂದು ನೋಡಿಯೇ ತುತ್ತೆತ್ತುವ ಮನುಷ್ಯ. ಕಣ್ಣಿಗೆ ಬೀಳದಂತೆ ಜಾಗ ಹುಟ್ಟಿಸುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ಅದರ ಗುಟ್ಟು ಇಷ್ಟೇ: ಹೊರಗಿನ ಅಳತೆ ಹಿಡಿ, ಒಳಗಿನ ಅಳತೆ ಹಿಡಿ, ಒಂದರಲ್ಲಿ ಇನ್ನೊಂದನ್ನು ಕಳೆ. ಉಳಿದದ್ದು ಬಚ್ಚಿಡುವ ಜಾಗ.

ಈಗ ಸ್ಟ್ಯಾಂಡುಗಳ ಮೇಲೆ ನಿಂತಿದ್ದ ಜೀಪಿಗೆ ಅವನಿಗಿಂತ ಹೆಚ್ಚು ವಯಸ್ಸಾಗಿತ್ತು. ಕೊಂಡವನು ಕಾಡು ಸುತ್ತುವ ಫೋಟೊಗ್ರಾಫರ್. ಗಾಡಿ ಬಿಟ್ಟು ನಡೆದುಹೋದಾಗ ಕ್ಯಾಮೆರಾಗಳು ಕಳುವಾಗಬಾರದು, ಅದಕ್ಕೆ ಎಡಕ್ಕೊಂದು ಬಲಕ್ಕೊಂದು ಗುಪ್ತ ಪೆಟ್ಟಿಗೆ ಬೇಕು ಎಂದಿದ್ದ. ಎಡಗಡೆಯ ಲೆಕ್ಕ ಸರಿಬಂತು. ಬಲಗಡೆ ಒಂದು ಗೇಣು ಜಾಗ ಕಾಣೆಯಾಗಿತ್ತು. ಎಂದರೆ, ಯಾರೋ ಇವನಿಗಿಂತ ಮೊದಲೇ ಅಲ್ಲೊಂದು ಪೆಟ್ಟಿಗೆ ಮಾಡಿ, ಬಾಗಿಲೇ ಇಲ್ಲದಂತೆ ಬೆಸುಗೆ ಹಾಕಿ ಮುಚ್ಚಿದ್ದರು.

"ಈ ಗಾಡಿ ಹಿಂದೊಂದ್ಸಲ ನನ್ನ ಹತ್ರ ಪೇಂಟಿಗೆ ಬಂದಿತ್ತು," ಎಂದ ಪೇಂಟರಣ್ಣ. ಕೂದಲಿಗೆ ಬಣ್ಣ ಹಾರದಂತೆ ತಲೆಗೆ ಸುತ್ತಿಕೊಂಡಿದ್ದ ಬಟ್ಟೆಯನ್ನು ಬಿಚ್ಚಿ ಕತ್ತು ಒರೆಸಿಕೊಂಡ. "ಆಗಿನ ಓನರ್ರೇ ಹೇಳಿದ್ದು. ಯಾರನ್ನೋ ಮಾಯ ಮಾಡ್ಬೇಕು ಅಂತ ಮಾಟ ಮಾಡಿಸಿ, ಗಂಟು ಕಟ್ಟಿ ಅದರೊಳಗೆ ಮುಚ್ಚಿಸಿದಾರೆ. ಆ ಮನುಷ್ಯ ಆಮೇಲೆ ಯಾರಿಗೂ ಸಿಗಲಿಲ್ಲ. ಹೊಟ್ಟೆ ತುಂಬಿರೋ ತನಕ ಪೆಟ್ಟಿಗೆ ಸುಮ್ನಿರುತ್ತೆ."

"ಹಸಿವಾದ್ರೆ?"

"ಒಳಗೆ ಯಾರ ಬೆವರು, ಯಾರ ಎಂಜಲು ಇರುತ್ತೋ ಅವರನ್ನ ಕೇಳುತ್ತೆ."

"ಬೆಳಿಗ್ಗೆಯಿಂದ ಥಿನ್ನರ್ ಕುಡಿದಿದೀಯ ಪೇಂಟರಣ್ಣ. ಹೊರಗೆ ಹೋಗಿ ಸ್ವಲ್ಪ ಗಾಳಿ ಕುಡಿ."

"ನಗು, ನಗು. ತೆಗೀಲೇಬೇಕು ಅಂದ್ರೆ ತೆಗಿ. ಗಂಟನ್ನ ಮಾತ್ರ ಅಲ್ಲೇ ಇಟ್ಟು ಮುಚ್ಚು, ಖಾಲಿ ಮುಚ್ಚಬೇಡ. ತಳದಲ್ಲೊಂದು ತೂತು ಬಿಡು. ಅದು ಮಾಟಕ್ಕಲ್ಲ, ತುಕ್ಕಿಗೆ. ಗಾಳಿ ಆಡದಿದ್ರೆ ತಗಡು ಬೆವರುತ್ತೆ."

"ನನ್ನ ಪೆಟ್ಟಿಗೇಲಿ ತೂತಾ? ಗಾಳಿಯೂ ನನ್ನ ಅಪ್ಪಣೆ ಕೇಳಿ ಒಳಗೆ ಹೋಗ್ಬೇಕು ಅಣ್ಣಾ."

ಒಂದು ಕಡೆ ಪೆಟ್ಟಿಗೆಯಿದ್ದು ಇನ್ನೊಂದು ಕಡೆ ಇಲ್ಲದ ಗಾಡಿಯನ್ನು ಕಲ್ಪಿಸಿಕೊಳ್ಳುವುದೂ ಅವನ ಕೈಲಾಗುತ್ತಿರಲಿಲ್ಲ. ಗ್ರೈಂಡರ್ ಕಿರುಚಿತು. ಕಿಡಿಗಳು ಅವನ ಬೂಟಿನ ಮೇಲೆ ಸುರಿದವು. ತಗಡು ಬಿರಿದ ಕೂಡಲೇ ಒಳಗಿನಿಂದ ಒಂದು ಉಸಿರು ಬಂತು. ಮುಚ್ಚಿಟ್ಟ ಗಾಳಿ ಹಾಗೆ ಬರುವುದು ಅವನಿಗೆ ಗೊತ್ತಿದ್ದದ್ದೇ. ಆದರೆ ಅದಕ್ಕೆ ಜ್ವರದಲ್ಲಿ ಮಲಗಿದವನ ಹಾಸಿಗೆಯ ವಾಸನೆಯಿತ್ತು. ಜೊತೆಗೆ ಅದು ಬೆಚ್ಚಗಿತ್ತು. ಒಳಗೆ ಮುಷ್ಟಿಗಾತ್ರದ ಕಪ್ಪು ಬಟ್ಟೆಯ ಗಂಟು. ಬಿಚ್ಚಿದರೆ ಒಂದು ಹಿಡಿ ಕೂದಲು, ಅದಕ್ಕೆ ಚುಚ್ಚಿದ ಮೊಳೆಗಳು, ಯಾವುದೋ ಅಂಗಿಯ ಕಾಲರಿನ ಚೂರು. ಪೇಂಟರಣ್ಣ ಊಟಕ್ಕೆ ಹೋಗಿದ್ದ. ಎಣ್ಣೆ ಬಟ್ಟೆಗಳನ್ನು ಸುಡುವ ಡ್ರಮ್ಮು ಹಿತ್ತಲಲ್ಲಿ ಉರಿಯುತ್ತಿತ್ತು. ಮಿಲಿಮೀಟರ್ ಗಂಟನ್ನು ಅದರೊಳಗೆ ಎಸೆದು ಕೈ ತೊಳೆದುಕೊಂಡ. ಸಾಬೂನು ಹಾಕಿಯೇ ತೊಳೆದ.

ಪೆಟ್ಟಿಗೆಯ ಒಳಗಿನ ಕಪ್ಪು ಉಣ್ಣೆಬಟ್ಟೆಯ ಲೈನಿಂಗ್ ಹೊಲಿದವಳು ಅವನ ಹೆಂಡತಿ. ಅವನ ಎಲ್ಲ ಪೆಟ್ಟಿಗೆಗಳಿಗೂ ಅವಳದೇ ಹೊಲಿಗೆ.

"ಬೇರೆ ಗಂಡಂದಿರು ಹೆಂಡತಿ ಉಡಲಿ ಅಂತ ಬಟ್ಟೆ ತರ್ತಾರೆ. ನೀವು ಜೀಪು ಉಡಲಿ ಅಂತ ತರ್ತೀರಿ," ಎನ್ನುತ್ತಾ ದಾರವನ್ನು ಬಾಯಲ್ಲಿ ನೆನೆಸಿ ಸೂಜಿಗೆ ಪೋಣಿಸಿದಳು. ಹೊಲಿಗೆ ಮುಗಿದಾಗ ಕೊನೆಯನ್ನು ಹಲ್ಲಿನಲ್ಲಿ ಕಡಿದಳು.

"ಕತ್ತರಿ ಇಲ್ವಾ?"

"ಇದೆ. ಹಲ್ಲು ಹತ್ತಿರ ಇದೆ."

ಲೈನಿಂಗ್ ಅಂಟಿಸಿ, ಮುಚ್ಚಳದ ರಬ್ಬರ್ ಪಟ್ಟಿಗೆ ಅವನು ಸೀಮೆಸುಣ್ಣ ಸವರಿದ. ಮುಚ್ಚಿ ತೆಗೆದು ನೋಡಿದ. ಸುಣ್ಣದ ಗೆರೆ ಎಲ್ಲೂ ಕಡಿಯದೆ ಸುತ್ತಲೂ ಮೂಡಿತ್ತು. ಇರುವೆಯ ಉಸಿರೂ ನುಸುಳುವಂತಿರಲಿಲ್ಲ. ಕೊನೆಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಒಂದು ಪುಡಿಯೂ ಉಳಿಯದಂತೆ ಎಳೆದ. ಗಿರಾಕಿಗೆ ಕೊಡುವ ಪೆಟ್ಟಿಗೆ ಹೊಳೆಯುವಷ್ಟು ಖಾಲಿಯಿರಬೇಕು ಎಂಬುದು ಕಪಾಟಿನ ದಿನಗಳಿಂದ ಬಂದ ನಿಯಮ. ಮುಚ್ಚಳ ತಳ್ಳಿದ. ಒಳಗೆ ಕೊಕ್ಕೆ ಕೂತ ಶಬ್ದ ಬಂತು. ಯಾರೋ ಬಾಯಿ ಚಪ್ಪರಿಸಿದ ಹಾಗೆ.

ಮರುದಿನ ಮನೆಯಲ್ಲಿ ಹೆಂಡತಿಯ ಕತ್ತರಿ ಕಾಣಲಿಲ್ಲ. ಆಮೇಲೆ ಬಾಚಣಿಗೆ. ಆಮೇಲೆ ಒಂದು ಕಾಲಿನ ಚಪ್ಪಲಿ.

"ನಿಮ್ಮ ಒಪ್ಪದ ಹುಚ್ಚಿಗೆ ಎಲ್ಲೋ ಸಾಲಾಗಿ ಜೋಡಿಸಿಟ್ಟಿದೀರ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ರೀ, ಆ ಕಿಟಕಿ ತೆಗೀರಿ. ಉಸಿರು ಕಟ್ಟುತ್ತೆ," ಎಂದಳು.

ಕಿಟಕಿ ತೆರೆದೇ ಇತ್ತು.

ಮಧ್ಯಾಹ್ನ ಊಟಕ್ಕೆ ಬಂದಾಗ ಕೋಣೆಯಲ್ಲಿ ಹೊಲಿಗೆ ಮೆಷಿನ್ನಿನ ಸದ್ದಿತ್ತು. "ತಟ್ಟೆ ಹಾಕ್ಲಾ?" ಎಂದು ಕೇಳುತ್ತಾ ಬಾಗಿಲು ತಳ್ಳಿದ. ಮೆಷಿನ್ನಿನ ಚಕ್ರ ತಿರುಗುತ್ತಿತ್ತು. ಸೂಜಿಯ ಕೆಳಗೆ ಅರ್ಧ ಹೊಲಿದ ದಿಂಬಿನ ಚೀಲ. ಕುರ್ಚಿ ಬೆಚ್ಚಗಿತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಚಕ್ರ ನಿಧಾನವಾಗಿ ನಿಂತಿತು.

ಆಗ ಗೋಡೆ ಬಡಿದ ಶಬ್ದ.

ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆ. ಒಳಗಿನಿಂದ, ಅಂಗೈಯಿಂದ. ಅವನು ಅವಳನ್ನು ಕೂಗಿದ. ಬಡಿತ ಜೋರಾಯಿತು. ಅವನ ಕೈ ತಾನಾಗಿ ಸೊಂಟದ ಟೇಪಿಗೆ ಹೋಯಿತು. ಆ ಮನೆಯ ಅಳತೆಗಳೆಲ್ಲ ಅವನಿಗೆ ಬಾಯಿಪಾಠ. ಹೊರಗಿನಿಂದ ಹಿಡಿದ. ಒಳಗಿನಿಂದ ಹಿಡಿದ. ಕಳೆದ. ಟೇಪು ಜಾರಿತು. ಮತ್ತೆ ಹಿಡಿದ.

ಒಂದು ಗೇಣು ಕಾಣೆಯಾಗಿತ್ತು.

ಸುತ್ತಿಗೆ ತಂದ. ಗಾರೆ ಉದುರಿತು, ಇಟ್ಟಿಗೆ ಉದುರಿತು, ಬಾಯಲ್ಲೆಲ್ಲ ಸುಣ್ಣದ ರುಚಿ. ಆಚೆ ಅಡುಗೆಮನೆ ಕಾಣಿಸಿತು. ಒಲೆಯ ಮೇಲೆ ಅವಳಿಟ್ಟ ಪಾತ್ರೆ, ಅದರೊಳಗೆ ಉಕ್ಕಿ ಬರುತ್ತಿದ್ದ ಹಾಲು. ನಡುವೆ ಜಾಗವೂ ಇಲ್ಲ, ಅವಳೂ ಇಲ್ಲ. ಬಡಿತ ಈಗ ಬೆನ್ನ ಹಿಂದಿನ ಗೋಡೆಯಲ್ಲಿ ಕೇಳಿತು. ಮೊದಲಿಗಿಂತ ಮೆಲ್ಲಗೆ.

ಒಲೆ ಆರಿಸುವುದನ್ನೂ ಮರೆತು ಶೆಡ್ಡಿಗೆ ಓಡಿದ.

ಬಣ್ಣ ಒಣಗುವಾಗ ಧೂಳು ಬೀಳದಿರಲೆಂದು ಷಟರ್ ಎಳೆದಿದ್ದರು. ಹೊರಗೆ ಸುಡುಬಿಸಿಲು, ಒಳಗೆ ಕತ್ತಲು; ಥಿನ್ನರಿನ ಘಾಟು ಕಣ್ಣು ಕಚ್ಚುತ್ತಿತ್ತು. ಜೀಪು ಆಗಲೇ ನೆಲಕ್ಕಿಳಿದಿತ್ತು. ಅವತ್ತು ಸಂಜೆ ಫೋಟೊಗ್ರಾಫರ್ ಬರುವವನಿದ್ದ. ಮಿಲಿಮೀಟರ್ ಕೊಕ್ಕೆ ಬಿಡಿಸಿ ಮುಚ್ಚಳ ತೆಗೆದ. ಕೈ ಒಳಗೆ ಹಾಕಿದ. ಗೇಣು ಆಳದ ಪೆಟ್ಟಿಗೆ. ಮೊಣಕೈ ಹೋಯಿತು. ಭುಜ ಹೋಯಿತು. ಬೆರಳಿಗೆ ಕೊನೆ ಸಿಗಲಿಲ್ಲ. ಬಟ್ಟೆ ಒದ್ದೆಯಾಗಿತ್ತು, ನಾಲಗೆಯ ಹಾಗೆ ಬಿಸಿಯಾಗಿತ್ತು.

"ರೀ," ಎಂದಿತು ಅವಳ ದನಿ, ತುಂಬ ಕೆಳಗಿನಿಂದ. "ಇಲ್ಲಿ ತಿರುಗೋಕೂ ಜಾಗ ಇಲ್ಲ ಕಣ್ರೀ."

"ಕೈ ಕೊಡು. ಕೈ ಚಾಚು, ಇಲ್ಲೇ ಇದೀನಿ."

"ಚಾಚಿದೀನಿ. ನಿಮ್ಮ ಕೈ ಎಲ್ಲಿ?"

ಯಾರೋ ಅವನ ಸೊಂಟ ಹಿಡಿದು ಹಿಂದಕ್ಕೆಳೆದರು. ಪೇಂಟರಣ್ಣ. ಖಾಲಿ ಪೆಟ್ಟಿಗೆಯನ್ನು ನೋಡಿದ, ಅವನ ಮುಖ ನೋಡಿದ.

"ಗಂಟು ಎಲ್ಲಿ?"

"ಸುಟ್ಟೆ."

ಪೇಂಟರಣ್ಣ ನೆಲದ ಮೇಲೆ ಕುಕ್ಕರಿಸಿದ. ಹೇಳಲು ಇಷ್ಟವಿಲ್ಲದವನ ಹಾಗೆ ನಿಧಾನವಾಗಿ ಹೇಳಿದ. "ಬದಲಿಗೆ ಒಬ್ಬರು ಸಿಕ್ಕಿದ್ರೆ ಒಬ್ಬರನ್ನ ಬಿಡುತ್ತಂತೆ. ಅವರ ಬೆವರು, ಕೂದಲು ಹತ್ತಿರೋದು ಏನಾದ್ರೂ ಹಾಕಿ ಮುಚ್ಚಿದ್ರೆ. ಆದ್ರೆ ಯಾರದು ಅಂತ ಹಾಕ್ತೀಯ ತಮ್ಮ?"

"ನನ್ನದೇ. ಇನ್ಯಾರದು?" ಎಂದ ಮಿಲಿಮೀಟರ್. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ತಗಡು ಕತ್ತರಿಸುವ ಕತ್ತರಿ ತೆಗೆದುಕೊಂಡ. ಹಣೆಯ ಮೇಲಿನ ಕೂದಲನ್ನು ಮುಷ್ಟಿಯಲ್ಲಿ ಹಿಡಿದ. ಪೆಟ್ಟಿಗೆಯಿಂದ ಅವಳ ಕೆಮ್ಮು ಕೇಳಿತು. ಕತ್ತರಿಯ ಬಾಯಿ ತೆರೆದೇ ಇತ್ತು. ಆ ಒದ್ದೆ ಬಿಸಿ ಇನ್ನೂ ಅವನ ತೋಳಿಗೆ ಅಂಟಿಕೊಂಡಿತ್ತು. ಮುಚ್ಚು ಎಂದ ತನಗೆ. ಬೆರಳು ಮುಚ್ಚಲಿಲ್ಲ. ಮುಚ್ಚು. ಮುಚ್ಚಲಿಲ್ಲ. ಅವನು ಗೊಳೋ ಎಂದು ಅತ್ತ.

"ಅಳಬೇಡ," ಎಂದ ಪೇಂಟರಣ್ಣ. "ಏನಾದ್ರೂ ದಾರಿ ಇರುತ್ತೆ. ಮೊದಲು ಮುಖ ಒರೆಸ್ಕೋ." ತಲೆಯ ಬಟ್ಟೆ ಬಿಚ್ಚಿ ಅವನ ಕೈಗಿಟ್ಟು, ಕುಡಿಯುವ ನೀರು ತರಲು ಮೂಲೆಯ ಕೊಡದ ಕಡೆ ನಡೆದ.

ಬಟ್ಟೆ ಒದ್ದೆಯಾಗಿತ್ತು. ಬೆವರಿನ ವಾಸನೆ. ಮಡಿಕೆಯಲ್ಲಿ ಎರಡು ಬಿಳಿ ಕೂದಲು.

ಪೆಟ್ಟಿಗೆಯಲ್ಲಿ ಕೆಮ್ಮು ನಿಂತಿತ್ತು.

ಅವನು ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂದು ಆಮೇಲೆ ತನಗೆ ತಾನೇ ಬಹಳ ಸಲ ಹೇಳಿಕೊಂಡ. ಬಟ್ಟೆ ಒಳಗೆ ಹೋಯಿತು. ಮುಚ್ಚಳ ಬಿತ್ತು. ಕೊಕ್ಕೆ ಕೂತಿತು. ಮೂಲೆಯಲ್ಲಿ ಸ್ಟೀಲ್ ಲೋಟ ನೆಲಕ್ಕೆ ಬಿದ್ದು, ಉರುಳಿ, ಗೋಡೆಗೆ ತಾಗಿ ನಿಂತಿತು. ನೀರು ಹರಿದು ಅವನ ಬೂಟಿನವರೆಗೆ ಬಂತು.

"ಅಣ್ಣಾ?" ಎಂದ.

ಡಬ್ಬದ ಅಂಚಿನಲ್ಲಿ ಬ್ರಷ್ಷು ಇತ್ತು. ತುದಿಯಿಂದ ಬಣ್ಣ ತೊಟ್ಟಿಕ್ಕುತ್ತಿತ್ತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

"ಎಲ್ಲಿದೀರ್ರೀ?" ಅವಳ ದನಿ, ಏದುಸಿರು. "ಹಾಲೆಲ್ಲ ಸೀದುಹೋಗಿದೆ. ಗೋಡೆ ಯಾಕೆ ಒಡೆದಿದೀರಿ? ಬೇಗ ಬನ್ನಿ, ನನಗೆ ಭಯ ಆಗ್ತಿದೆ."

ಷಟರ್ ಎತ್ತಿದಾಗ ಫೋಟೊಗ್ರಾಫರ್ ಹೊರಗೆ ನಿಂತಿದ್ದ. ಸಂಜೆಯ ತನಕ ಕಾಯಲಾಗದೆ ಮೊದಲೇ ಬಂದಿದ್ದನಂತೆ. ಎಡ ಬಲ ತಡಕಿ ನೋಡಿದ, ಪೆಟ್ಟಿಗೆ ಎಲ್ಲಿದೆಯೆಂದು ಕಂಡುಹಿಡಿಯಲಾಗದೆ ಖುಷಿಯಿಂದ ನಕ್ಕ. "ದೇವರಿಗೂ ಸಿಗಲ್ಲ ಬಿಡಿ ಇದು. ಪೇಂಟ್ ಕೂಡ ಕನ್ನಡಿ ಹಾಗಿದೆ. ಯಾರು ಹೊಡೆದಿದ್ದು?"

"ನಮ್ಮವರೊಬ್ರು," ಎಂದ ಮಿಲಿಮೀಟರ್. "ಇವತ್ತು ಬಂದಿಲ್ಲ." ಎಡಗಡೆಯದನ್ನು ತೆರೆದು ತೋರಿಸಿದ. ಬಲಗಡೆಯ ಕೊಕ್ಕೆ ಸ್ವಲ್ಪ ಬಿಗಿಯಿದೆ, ಸದ್ಯಕ್ಕೆ ತೆಗೆಯಬೇಡಿ ಎಂದ. ಕೀಲಿಯನ್ನು ತಾನೇ ಅವನ ಕೈಗಿಟ್ಟ. ಗಾಡಿ ಮಣ್ಣುದಾರಿ ಹಿಡಿದು ಧೂಳಿನಲ್ಲಿ ಮರೆಯಾಗುವವರೆಗೆ ಉಸಿರು ಬಿಡಲಿಲ್ಲ.

ಹೆಂಡತಿ ಮುರಿದ ಗೋಡೆಯ ಪಕ್ಕ ಕೂತಿದ್ದಳು. ಕೂದಲೆಲ್ಲ ಒದ್ದೆ, ಮೈಯೆಲ್ಲ ತುಕ್ಕಿನ ವಾಸನೆ. ಅವನು ಅವಳನ್ನು ಅಪ್ಪಿಕೊಂಡ. ಅವಳು ಸುಮ್ಮನೆ ಅಪ್ಪಿಸಿಕೊಂಡಳು.

"ನಾನು ಬರೋವಾಗ ಎದುರಿಗೆ ಒಬ್ರು ಬಂದ್ರು," ಎಂದಳು. "ವಯಸ್ಸಾದವರು. ಕೈತುಂಬ ಬಣ್ಣ. ದಾರಿ ಇಕ್ಕಟ್ಟು ಅಲ್ವಾ, ನಾನು ಮೊದಲು ಹೋಗ್ಲಿ ಅಂತ ಪಕ್ಕಕ್ಕೆ ಒತ್ತಿ ನಿಂತ್ಕೊಂಡ್ರು."

ಅವನು ಅವಳ ಹೆಗಲಲ್ಲಿ ಮುಖ ಹುದುಗಿಸಿದ.

"ಏನಾದ್ರೂ ಅಂದ್ರಾ?"

"ಬೈಲಿಲ್ಲ. ನಿಮ್ಮನ್ನ ಒಂದೇ ಮಾತು ಕೇಳು ಅಂದ್ರು." ಅವಳು ಅವನ ಮುಖವನ್ನು ಎತ್ತಿ ನೋಡಿದಳು. "ತಳದಲ್ಲಿ ತೂತು ಬಿಟ್ಟಿದೀರಾ?"