ಹಿಂದಿನ ಬ್ರೇಕಿನ ಐದು ನಿಮಿಷ

ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕೇಸರಿಬಾತು ಮುಗಿಸಿ ಕೈ ತೊಳೆಯುವಷ್ಟರಲ್ಲಿ ಸ್ಫೂರ್ತಿಯ ಬೈಕನ್ನು ಮಾರಿಬಿಟ್ಟಿದ್ದರು. ಬರೀ ಬಾಯಿಮಾತಿನಲ್ಲಿ, ಆದರೂ ಮಾರಿದ್ದು ಮಾರಿದ್ದೇ. ಸೊಸೆ ಬೈಕಲ್ಲಿ ಊರೂರು ಸುತ್ತುವುದು ತಮ್ಮ ಮನೆಗೆ ಒಗ್ಗುವುದಿಲ್ಲ ಎಂದರು ಗಂಡಿನ ತಾಯಿ ಕರಿಬಸಮ್ಮ. ಸ್ಫೂರ್ತಿಯ ಅಪ್ಪ ಷಡಕ್ಷರಿ ಹೂಂ ಎಂದುಬಿಟ್ಟರು. ತರೀಕೆರೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಗಂಡು ಓಂಕಾರೇಶ್, ಕಾಫಿ ಲೋಟದೊಳಗೆ ಏನೋ ಬಿದ್ದುಹೋದವನಂತೆ ತಲೆ ಬಗ್ಗಿಸಿ ಕೂತಿದ್ದ.

ಸ್ಫೂರ್ತಿ ಸರ್ವೇಯರ್. ಅಜ್ಜಂಪುರದ ಸುತ್ತ ಹಳ್ಳಿಗಳಲ್ಲಿ ಜಮೀನು ಅಳೆಯುವವಳು. ಬಸ್ಸಿನ ಮುಖ ಕಾಣದ ಹೊಲಗಳಿಗೆ ಅವಳನ್ನು ಮುಟ್ಟಿಸುವುದು ಆ ಬೈಕು. ಅದು ಹೋದರೆ ಕೆಲಸವೂ ಹೋದಂತೆ. ಗೊತ್ತಿದ್ದೂ ಅಪ್ಪ ಹೂಂ ಅಂದದ್ದಕ್ಕೆ ಅವಳಿಗೆ ಮೈಯೆಲ್ಲ ಉರಿಯಿತು.

ಹುಡುಗ ಹುಡುಗಿ ಐದು ನಿಮಿಷ ಮಾತಾಡಿಕೊಳ್ಳಲಿ ಎಂದರು ಹಿರಿಯರು. ಸ್ಫೂರ್ತಿ ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವನನ್ನು ನೇರ ಹಿತ್ತಲಿಗೆ, ಬೈಕಿನ ಹತ್ತಿರ ಕರೆದೊಯ್ದಳು.

ನಾಳೆ ಬೆಳಿಗ್ಗೆ ಬುಕ್ಕಾಂಬುಧಿ ಕೆರೆ ಕೆಳಗೆ ಸರ್ವೆ ಇದೆ, ಹಿಂದಿನ ಬ್ರೇಕು ಮೆತ್ತಗಾಗಿದೆ, ಆಯಿಲ್ ಪೈಪಿನಲ್ಲಿ ಗಾಳಿ ಸೇರಿದೆ, ತೆಗೆಯಲು ಇಬ್ಬರು ಬೇಕು ಎಂದಳು. ಅವನು ಬೈಕ್ ಮೇಲೆ ಕೂತು ಪೆಡಲ್ ನಾಲ್ಕು ಸಲ ತುಳಿದು, ಒತ್ತಿ ಹಿಡಿಯಬೇಕು. ಅವಳು ಚಕ್ರದ ಬಳಿಯ ಪುಟ್ಟ ತಿರುಪು, ನಿಪ್ಪಲ್, ಸಡಿಲಿಸಿ ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಬಿಗಿಯುವ ಮುಂಚೆ ಅವನು ಕಾಲು ತೆಗೆದರೆ ಗಾಳಿ ವಾಪಸ್ಸು ಒಳಗೆ.

ಮೊದಲ ಸಲವೇ ತೆಗೆದುಬಿಟ್ಟ.

"ಎಲ್ಲಿ ನೋಡ್ತಿದ್ರಿ?"

"ಪೈಪ್ ನೋಡ್ತಿದ್ದೆ."

ಪೈಪು ನೋಡುವವನ ಕಿವಿ ಅಷ್ಟು ಕೆಂಪಾಗುವುದಿಲ್ಲ. ಸ್ಫೂರ್ತಿ ನಗು ನುಂಗಿದಳು. ಗಾಳಿ, ಆಯಿಲ್ ಹೊರಬರಲೆಂದು ನಿಪ್ಪಲ್ಲಿಗೆ ಅವಳು ಸಿಕ್ಕಿಸಿದ್ದು ಗ್ಲೂಕೋಸ್ ಏರಿಸುವ ಪೈಪು. ಅದು ಅವನಿಗೆ ನೋಡಿದ ತಕ್ಷಣ ಗೊತ್ತಾಯಿತು. ಬಗ್ಗಿ ಉಗುರಿನಿಂದ ಟಕ್ಕೆಂದು ಹೊಡೆದ, ಅಂಟಿದ್ದ ಗುಳ್ಳೆ ಮೇಲೋಡಿತು. ಆ ಬೆರಳುಗಳು ಅವಳಿಗೆ ಇಷ್ಟವಾದವು. ಇಷ್ಟವಾದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

"ಬೈಕ್ ಮಾರಲ್ಲ ಕಣ್ರೀ. ಬೇಕಾದ್ರೆ ಈ ಸಂಬಂಧ ಬಿಡ್ತೀನಿ."

"ಮಾರೋದು ನಂಗೂ ಇಷ್ಟ ಇಲ್ಲ."

"ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ?"

"ಅಮ್ಮನ ಮುಂದೆ ಬಾಯೇ ಬರಲ್ಲ."

"ನೀವೂ ಈ ಬ್ರೇಕ್ ಥರಾನೇ. ಒತ್ತಿದಷ್ಟೂ ಒಳಗೆ ಹೋಗ್ತೀರಿ."

ಅವನು ಪೆಡಲ್ ಜೋರಾಗಿ ತುಳಿದ.

ಐದು ನಿಮಿಷ ನಲವತ್ತಾಯಿತು. ಜೋಡಿ ಚೆನ್ನಾಗಿ ಹೊಂದಿಕೊಂಡಿದೆ ಎಂದು ಒಳಗಿದ್ದವರಿಗೆ ಖುಷಿಯೋ ಖುಷಿ. ಕೊನೆಗೆ ಕರಿಬಸಮ್ಮ ಹಿತ್ತಲ ಬಾಗಿಲಿಗೆ ಬಂದು ನೋಡಿದರೆ, ಮಗನ ಬಿಳಿ ಶರ್ಟಿನ ತುಂಬ ಆಯಿಲ್ ಕಲೆ, ಹೆಣ್ಣಿನ ಕೈಯಲ್ಲಿ ಸ್ಪ್ಯಾನರ್.

"ಓಂಕಾರಿ, ಇಳಿಯೋ ಕೆಳಗೆ. ಹೊರಡಾನ."

ಆ ದನಿಗೆ ಮೂವತ್ತು ವರ್ಷ ಪಳಗಿದ ಮೈ ತಾನಾಗಿ ಅರ್ಧ ಎದ್ದಿತು. ನಿಪ್ಪಲ್ ಇನ್ನೂ ತೆರೆದಿತ್ತು. ಸ್ಫೂರ್ತಿ ತಲೆ ಎತ್ತಿ ಅವನನ್ನೇ ನೋಡಿದಳು. ಇರಿ ಎಂದು ಬೇಡಿಕೊಳ್ಳುವುದು ಅವಳ ಜಾಯಮಾನವಲ್ಲ.

ಅವನು ಕಾಲು ತೆಗೆಯಲಿಲ್ಲ.

"ಇವರು ಬಿಡಿ ಅನ್ನೋ ತನಕ ಆಗಲ್ಲಮ್ಮ." ದನಿ ನಡುಗಿತು, ಕಾಲು ನಡುಗಲಿಲ್ಲ. "ಬೈಕೂ ಮಾರಲ್ಲ. ನಮ್ಮನೆಗೆ ಬಂದ್ರೆ ಬೈಕ್ ಸಮೇತ ಬರ್ತಾರೆ."

ಕರಿಬಸಮ್ಮ ಬಾಗಿಲಲ್ಲೇ ನಿಂತುಬಿಟ್ಟರು.

ಸ್ಫೂರ್ತಿ ನಿಪ್ಪಲ್ ಬಿಗಿದಳು. ಇನ್ನು ಕಾಲು ತೆಗೆಯಬಹುದಿತ್ತು, ಆದರೆ ಅವಳು ಹೇಳಲಿಲ್ಲ. ಪೈಪು ಕಳಚಿದಳು, ಸ್ಪ್ಯಾನರ್ ಒರೆಸಿದಳು, ಆ ಕೆಂಪು ಕಿವಿಯನ್ನು ಕಣ್ತುಂಬ ನೋಡಿದಳು. ಅವನು ಒತ್ತಿಯೇ ಹಿಡಿದಿದ್ದ.

"ಗಟ್ಟಿ ಆಯ್ತಾ?"

"ಕಲ್ಲಿದ್ದಂಗಿದೆ."

"ಹಂಗಾದ್ರೆ ಅಪ್ಪಂಗೆ ಒಪ್ಪಿಗೆ ಅಂತ ಹೇಳ್ತೀನಿ" ಎಂದು ಎದ್ದಳು. "ಈಗ ಬಿಡಿ."