ಕಂಪಾಸ್ ಬಾಕ್ಸಿನೊಳಗೆ ನಲವತ್ತು ನಿಮಿಷ

"ರಾಣೇಬೆನ್ನೂರ ಬಂತೇನವ್ವಾ?"

ಕಿಟಕಿಯಾಚೆ ಹೊಸಹಳ್ಳಿ ಸ್ಟೇಷನ್ನಿನಿಂದ ಮೆಟ್ರೊ ಹೊರಟಿತ್ತು. ಅಜ್ಜಿ ಸೋಫಾದ ತುದಿಯಲ್ಲಿ ಕೈಚೀಲ ತಬ್ಬಿಕೊಂಡು, ಇಳಿಯಲು ರೆಡಿಯಾಗಿ ಕುಳಿತಿದ್ದಳು.

ಬೆಳಿಗ್ಗೆಯಿಂದ ಇದು ಹನ್ನೊಂದನೇ ಸಲ. ಮೊದಲ ದಿನ ಶರಣ್ಯಾಗೆ ನಗು ಬಂದಿತ್ತು. ಈಗ ಬರುವುದಿಲ್ಲ.

"ಇಲ್ಲ ಅಜ್ಜಿ. ಇದು ನಮ್ಮನೆ."

"ಯಾರ ಮನಿ?" ಎಂದಳು ಅಜ್ಜಿ.

ಮೂರು ವಾರದ ಹಿಂದೆ ಶಾಂತವ್ವಜ್ಜಿಯ ತಲೆ ಹೀಗಿರಲಿಲ್ಲ. ಇಡೀ ಹೊಸಹಳ್ಳಿ ಆ ತಲೆಯೊಳಗೆ ಬಾಡಿಗೆಗೆ ಇತ್ತು. ಯಾರ ಮಗುವಿಗೆ ಯಾವ ವಾರ ಯಾವ ಹಲ್ಲು ಬಂತು, ಎದುರುಮನೆ ಬೆಕ್ಕಿನ ಮುತ್ತಜ್ಜಿ ಯಾವ ಬಣ್ಣದ್ದು, ಎಲ್ಲ ಗೊತ್ತಿತ್ತು. ಶರಣ್ಯಾ ಒಂದನೇ ಕ್ಲಾಸಿನಲ್ಲಿ ಹೇಳಿದ ಒಂದೇ ಒಂದು ಸುಳ್ಳನ್ನು ಐದನೇ ಕ್ಲಾಸಿನವರೆಗೂ ಉಪ್ಪಿನಕಾಯಿಯ ಹಾಗೆ ಕೆಡದಂತೆ ಇಟ್ಟು, ನೆಂಟರು ಬಂದಾಗಲೆಲ್ಲ ಬಡಿಸುತ್ತಿದ್ದಳು.

ಆಮೇಲೆ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು. ಮೂಳೆಯನ್ನು ಕೂಡಿಸಿದರು, ತಲೆ ಮಾತ್ರ ಎಲ್ಲೋ ಉಳಿದುಬಿಟ್ಟಿತು.

ಎಚ್ಚರವಾದ ಕೂಡಲೇ ಅಜ್ಜಿ ನರ್ಸನ್ನು ಕಂಡಕ್ಟರ್ ಅಂದುಕೊಂಡು ಟಿಕೆಟ್ ಕೇಳಿದಳು. ಕೈಗೆ ಹಾಕಿದ್ದ ಟ್ಯೂಬು ಕೀಳಲು ಹೋದಳು. ತಡೆಯಲು ಬಂದ ಅಪ್ಪನನ್ನು, ಹೆತ್ತ ಮಗನನ್ನೇ, ಚೀಲ ಕದಿಯಲು ಬಂದ ಕಳ್ಳ ಎಂದಳು. ವಾರ್ಡಿನಲ್ಲಿ ಒಂದಿಬ್ಬರು ನಕ್ಕರು. ಅಪ್ಪ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿಕೊಂಡು ನಿಂತ.

ಯಾಕೆ ಹೀಗಾಯಿತು ಎಂದು ಅಪ್ಪನಿಗೆ ಗೊತ್ತಿರಲಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲ. ಶರಣ್ಯಾಗೆ ಗೊತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ನರ್ಸು ಅಜ್ಜಿಯ ಬಳೆ, ಓಲೆ ಬಿಚ್ಚಿಸಿದ್ದರು. ಕೊರಳಲ್ಲಿದ್ದ ಲಿಂಗವನ್ನೂ ತೆಗೆಯಬೇಕು ಎಂದಿದ್ದರು. ಬೆಳ್ಳಿಯ ಪುಟ್ಟ ಕರಡಿಗೆ, ಅದರೊಳಗೆ ಕಪ್ಪು ಲಿಂಗ. ಮದುವೆ, ಬಾಣಂತನ, ಅಜ್ಜನ ಸಾವು, ಯಾವುದು ಬಂದರೂ ಅಜ್ಜಿ ಅದನ್ನು ಮೈಯಿಂದ ಬೇರೆ ಮಾಡಿದವಳಲ್ಲ. ಅವಳು ಹೂಡಿದ ಜಗಳಕ್ಕೆ ಮೂರು ಮಹಡಿಯ ರೋಗಿಗಳು ಕಾಯಿಲೆ ಮರೆತು ಎದ್ದು ಕೂತರು. ಕೊನೆಗೆ ತಾನೇ ಬಿಚ್ಚಿ, ಅಪ್ಪನಿಗೂ ಕೊಡದೆ, ಅಮ್ಮನಿಗೂ ಕೊಡದೆ, ಶರಣ್ಯಾಳ ಕೊರಳಿಗೆ ಹಾಕಿದಳು.

"ನಾ ಹೊರಗ ಬರೂತನಕ ನಿನ್ನ ಮೈಮ್ಯಾಲೆ ಇರ್ಲಿ. ಎಲ್ಲೂ ಇಡಬ್ಯಾಡ."

ಮರುದಿನ ಸ್ಕೂಲಿನಲ್ಲಿ ಖೊಖೊ ಸೆಮಿಫೈನಲ್. ಓಡಿದರೆ ಯೂನಿಫಾರಮ್ಮಿನ ಒಳಗೆ ಕರಡಿಗೆ ಎದೆಗೆ ಟಪಟಪ ಬಡಿಯುತ್ತಿತ್ತು. ಬಗ್ಗಿದರೆ ಹೊರಗೆ ಇಣುಕುತ್ತಿತ್ತು. ಶರಣ್ಯಾ ಕ್ಲಾಸಿಗೆ ಓಡಿಹೋಗಿ ಅದನ್ನು ಬಿಚ್ಚಿ, ಕಂಪಾಸ್ ಬಾಕ್ಸಿನಲ್ಲಿ ರಬ್ಬರಿನ ಪಕ್ಕ ಇಟ್ಟು ಮುಚ್ಚಿದಳು. ನಲವತ್ತು ನಿಮಿಷ ಆಡಿದಳು. ಅವಳ ಟೀಮು ಗೆದ್ದಿತು.

ಸರಿಯಾಗಿ ಅದೇ ಹೊತ್ತಿಗೆ ಅಜ್ಜಿ ಆಪರೇಷನ್ ಥಿಯೇಟರಿನಲ್ಲಿದ್ದಳು.

ಮೂರನೇ ದಿನ ಅಮ್ಮ ಲಿಂಗವನ್ನು ಮತ್ತೆ ಅಜ್ಜಿಯ ಕೊರಳಿಗೆ ಹಾಕಿದಳು. ಅದರ ಜೊತೆ ತಲೆ ವಾಪಸು ಬರಲಿಲ್ಲ.

ಮೂರನೇ ವಾರದ ಶನಿವಾರ ಅಜ್ಜಿಯನ್ನು ಆಟೊದಲ್ಲಿ ಕೂರಿಸಿಕೊಂಡು ಎಲ್ಲರೂ ಡಾಕ್ಟರ್ ಐಶ್ವರ್ಯ ಅವರ ಹತ್ತಿರ ಹೋದರು. ತನ್ನ ತಾಯಿಗೆ ಹುಚ್ಚಾ ಎಂದು ಅಪ್ಪ ತಲೆ ತಗ್ಗಿಸಿ ಕೇಳಿದ. ಹುಚ್ಚಲ್ಲ ಎಂದರು ಡಾಕ್ಟರ್. ದೊಡ್ಡ ಆಪರೇಷನ್ ಆದಮೇಲೆ ವಯಸ್ಸಾದ ಕೆಲವರಿಗೆ ಹೀಗಾಗುತ್ತದಂತೆ. ಗಾಯ ಮಾಯಿಸಲು ದೇಹ ದೊಡ್ಡ ಹೋರಾಟ ಶುರು ಮಾಡುತ್ತದೆ. ಅದರ ಬಿಸಿ ಕೆಲವೊಮ್ಮೆ ಮಿದುಳಿಗೂ ತಟ್ಟಿ, ಅಲ್ಲೂ ಉರಿಯೂತ ಆಗುತ್ತದೆ. ಕೆಲವರಿಗೆ ವಾರದಲ್ಲಿ ತಿಳಿಯಾಗುತ್ತದೆ, ಕೆಲವರಿಗೆ ತಿಂಗಳುಗಳೇ ಬೇಕು. ಕೆಲವರು ಪೂರ್ತಿ ಮೊದಲಿನ ಹಾಗೆ ಆಗುವುದಿಲ್ಲ. ಕನ್ನಡಕ ಹಾಕಿಸಿ, ಗೊತ್ತಿರುವವರು ಜೊತೆಯಲ್ಲಿರಿ, ಮೊದಲಿನಿಂದ ಮಾಡುತ್ತಿದ್ದ ಕೆಲಸವನ್ನು ದಿನಾ ಅದೇ ಹೊತ್ತಿಗೆ ಮಾಡಿಸಿ ಎಂದರು.

ಎಲ್ಲರೂ ಎದ್ದ ಮೇಲೂ ಶರಣ್ಯಾ ಕುರ್ಚಿ ಬಿಡಲಿಲ್ಲ.

"ಡಾಕ್ಟರ್, ಆಪರೇಷನ್ ಟೈಮಲ್ಲಿ ಹೊರಗಡೆ ಯಾರಾದ್ರೂ ತಪ್ಪು ಮಾಡಿದ್ರೆ ಹಿಂಗಾಗತ್ತಾ?"

"ಹೊರಗಡೆ ಅಂದ್ರೆ?"

"ಸ್ಕೂಲಲ್ಲಿ."

ಡಾಕ್ಟರ್ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. "ಇಲ್ಲ ಪುಟ್ಟಾ. ನೀನು ಮಾಡಿದ್ದು ಯಾವುದೂ ಅಜ್ಜಿ ತಲೆಗೆ ತಾಗಿಲ್ಲ."

ಶರಣ್ಯಾ ತಲೆಯಾಡಿಸಿದಳು. ಆದರೆ ಡಾಕ್ಟರಿಗೆ ಕಂಪಾಸ್ ಬಾಕ್ಸಿನ ವಿಷಯ ಗೊತ್ತಿರಲಿಲ್ಲವಲ್ಲ.

ಭಾನುವಾರ ಅಮ್ಮ ಅಜ್ಜಿಗೆ ಸ್ನಾನ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ, ಎಡ ಅಂಗೈ ಮೇಲೆ ಲಿಂಗ ಇಟ್ಟಳು. ಮೊದಲಾದರೆ ಅಜ್ಜಿ ಹಾಲಿನವನನ್ನು ಬೈಯುತ್ತಲೇ, ಕುಕ್ಕರಿನ ವಿಷಲ್ ಎಣಿಸುತ್ತಲೇ, ಒಂದು ಅಕ್ಷರ ತಪ್ಪದೆ ಪೂಜೆ ಮುಗಿಸುತ್ತಿದ್ದಳು. ಈಗ ವಿಭೂತಿ ಹಚ್ಚಿದವಳು ಅಷ್ಟಕ್ಕೇ ನಿಲ್ಲಿಸಿದಳು. ಬಿಳಿಯಾದ ಮೂರು ಬೆರಳು ಗಾಳಿಯಲ್ಲೇ ಇದ್ದವು.

"ಮುಂದ ಏನವ್ವಾ?"

ಅಮ್ಮ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಶರಣ್ಯಾ ಮಾತ್ರ ಉಳಿದಳು. ಅವಳು ಅಜ್ಜಿಯ ಮುಖ ನೋಡಲಿಲ್ಲ, ಲಿಂಗವನ್ನು ನೋಡುತ್ತ ಹೇಳಿದಳು.

"ಅಜ್ಜಿ, ಇದನ್ನ ಎಲ್ಲೂ ಇಡಬೇಡ ಅಂದಿದ್ದೆ ನೀನು. ನಾನು ಬಿಚ್ಚಿಟ್ಟುಬಿಟ್ಟೆ. ಖೊಖೊ ಇತ್ತು. ಕಂಪಾಸ್ ಬಾಕ್ಸಲ್ಲಿ ಇಟ್ಟಿದ್ದೆ, ನಲವತ್ತು ನಿಮಿಷ."

ಅಜ್ಜಿ ಅವಳತ್ತ ತಿರುಗಿದಳು.

"ನನ್ನ ಮೊಮ್ಮಗಳೂ ಖೊಖೊ ಆಡ್ತಾಳ" ಎಂದಳು. "ಆಕಿ ಓಡೂದು ನೋಡಬೇಕವ್ವಾ ನೀ. ಗಾಳಿ ತೇಕ್ಕೊಂತ ಹಿಂದ ಬರ್ತೈತಿ."

ಶರಣ್ಯಾ ತಲೆ ಎತ್ತಿದಳು.

"ಲಿಂಗಾನೂ ಆಕಿ ಕಡೆನ ಕೊಟ್ಟಿದ್ದೆ. ಆಡೂಮುಂದ ಬಿಚ್ಚಿ ಇಟ್ಟಿರ್ತಾಳ. ಬಿದ್ದರ ಒಡೀತೈತಲ್ಲ. ಶಾಣ್ಯಾಕಿ ನನ್ನ ಹುಡುಗಿ."

ಆ ಹುಡುಗಿ ನಾನೇ ಎಂಬ ಮಾತು ಶರಣ್ಯಾಳ ಗಂಟಲಿಗೆ ಬಂತು. ಈ ಮೂರು ವಾರದಲ್ಲಿ ಅವಳು ಅದನ್ನು ಸಾವಿರ ಸಲ ಹೇಳಿದ್ದಳು. ಹೇಳಿದಾಗಲೆಲ್ಲ ಅಜ್ಜಿಯ ಕಣ್ಣಿನಲ್ಲಿ ಭಯ ಕಾಣುತ್ತಿತ್ತು, ಯಾರೋ ಗುರುತಿಲ್ಲದವರು ಬಾಗಿಲು ತಟ್ಟಿದ ಹಾಗೆ. ಈಗ ಆ ಕಣ್ಣಿನಲ್ಲಿ ಭಯ ಇರಲಿಲ್ಲ.

"ಆಕಿ ಯಾವಾಗ ಬರ್ತಾಳ?" ಎಂದಳು ಅಜ್ಜಿ.

ಹೊರಗೆ ಮೆಟ್ರೊ ಹೋಯಿತು. ಶರಣ್ಯಾ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಲಿಂಗವಿದ್ದ ಅಜ್ಜಿಯ ಅಂಗೈ ಕೆಳಗೆ ತನ್ನ ಅಂಗೈ ಇಟ್ಟಳು.

"ಗೊತ್ತಿಲ್ಲ ಅಜ್ಜಿ. ಬರೋವರೆಗೂ ನಾನು ಇರ್ತೀನಿ. ಈಗ ಹೂವು ಇಡೋದು."

ಅಜ್ಜಿ ಮೂರು ಹೂವು ತೆಗೆದುಕೊಂಡಳು. ಎರಡು ನೆಲಕ್ಕೆ ಬಿದ್ದವು. ಒಂದು ಲಿಂಗದ ಮೇಲೆ ನಿಂತಿತು.

"ಮುಂದ?" ಎಂದಳು.

ಶರಣ್ಯಾ ಮುಂದಿನದನ್ನು ಹೇಳಿಕೊಟ್ಟಳು.