ಭರಮಮ್ಮನ ಕಂಬಳಿ ಕೋಣೆ

2025ರ ಏಪ್ರಿಲ್ 24, ಗುರುವಾರ. ಬೆಳಿಗ್ಗೆ ಒಂಬತ್ತೂವರೆಗೆ ಹಿರೇಹಡಗಲಿ ಪೊಲೀಸ್ ಠಾಣೆಗೆ ಬಂದ ಮುದುಕಿ, ಬೆಂಚು ಖಾಲಿ ಇದ್ದರೂ ಕೂರದೆ, ನೇರವಾಗಿ ಪಿಎಸ್‌ಐ ಕೋಮಲಾಳ ಮೇಜಿನ ಮುಂದೆ ನಿಂತಳು.

"ಕಂಬಳಿ ಕಳುವಾಗ್ಯಾವ್ರಿ."

"ಎಷ್ಟು?"

"ಕೋಣಿ ತುಂಬ ಇದ್ದುವು. ಈಗ ಒಂದೂ ಇಲ್ಲ."

"ರೊಕ್ಕ, ಬಂಗಾರ?"

"ರೊಕ್ಕದ ಡಬ್ಬಿ ಅಲ್ಲೇ ಐತಿ. ಮುಟ್ಟಿಲ್ಲ."

ಹೆಡ್ ಕಾನ್‌ಸ್ಟೆಬಲ್ ಹುಲುಗಣ್ಣ ಬಾಯಿಗಿಟ್ಟಿದ್ದ ಚಹಾ ಕೆಳಗಿಳಿಸಿದ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದು ಊರೂರ ನೀರು ಕುಡಿದ ಮನುಷ್ಯ ಅವನು. ಕಾಗೆಯೂ ನೆರಳು ಹುಡುಕುವ ಏಪ್ರಿಲ್ ತಿಂಗಳಲ್ಲಿ ರೊಕ್ಕ ಬಿಟ್ಟು ಕಂಬಳಿ ಹೊತ್ತೊಯ್ದ ಕಳ್ಳನನ್ನು ಅವನು ಇದುವರೆಗೆ ಕಂಡಿರಲಿಲ್ಲ.

"ಚಳಿಜ್ವರ ಬಂದಿರಬೇಕು ಮೇಡಂ ಅವಂಗ" ಎಂದ.

ಕೋಮಲಾ ನಗಲಿಲ್ಲ. ಮುದುಕಿಯ ಹೆಸರು ಭರಮಮ್ಮ ಎಂದು ಕೇಳಿದೊಡನೆ ಅವಳಿಗೆ ಗುರುತು ಸಿಕ್ಕಿತ್ತು. ಕೋಗಳಿಯಲ್ಲಿ ಹುಟ್ಟಿ ಬೆಳೆದವಳು ಈ ಹೆಸರು ಕೇಳದೆ ಇರುವುದು ಸಾಧ್ಯವಿರಲಿಲ್ಲ.

ಹಡಗಲಿ ಸುತ್ತಮುತ್ತಲಿನ ಈ ತಾಲ್ಲೂಕುಗಳಲ್ಲಿ ಈಗ ಬಸ್‌ಸ್ಟ್ಯಾಂಡಿನ ಸುತ್ತ ಹೋಟೆಲುಗಳಿಗಿಂತ ಫೈನಾನ್ಸ್ ಬೋರ್ಡುಗಳೇ ಹೆಚ್ಚು. ಊರು ಬೆಳೆಯುತ್ತಿದೆ, ಬೆಳೆಯುವ ಊರಿಗೆ ಸಾಲ ಬೇಕು. ಒಬ್ಬಳಿಗೆ ಹೊಲಿಗೆ ಅಂಗಡಿಯ ಮುಂಗಡ, ಒಬ್ಬನಿಗೆ ಮಗಳ ನರ್ಸಿಂಗ್ ಫೀಸು. ಬ್ಯಾಂಕಿನವರು ಕೇಳುವ ಪತ್ರಗಳು ಇವರ ಹತ್ತಿರ ಇರುವುದಿಲ್ಲ. ಆಗ ಇವರು ಭರಮಮ್ಮನ ಪಡಸಾಲೆಗೆ ಬಂದು ಕೂರುತ್ತಾರೆ. ಕುರಿ ಸಾಕುವ ಮನೆಗಳವರು ಉಣ್ಣೆ ಮಾರಿದಾಗ, ಮರಿ ಮಾರಿದಾಗ ಒಂದಿಷ್ಟು ತಂದು ಅವಳ ಡಬ್ಬಿಗೆ ಹಾಕುತ್ತಾರೆ. ಅದನ್ನೇ ಅವಳು ಬೇಕಾದವರಿಗೆ ಕೊಡುತ್ತಾಳೆ. ಕಾಗದವಿಲ್ಲ, ಸಹಿಯಿಲ್ಲ, ಸಾಕ್ಷಿಯಿಲ್ಲ. ಅಡವಾಗಿ ಇಡಬೇಕಾದದ್ದು ಒಂದೇ, ಮನೆಯ ಕಂಬಳಿ.

ಮನೆಯ ಕಂಬಳಿಯೆಂದರೆ ಹೊದೆಯುವ ಕಂಬಳಿಯಲ್ಲ. ಹಿರಿಯರ ಕಾಲದಿಂದ ಬಂದ ಅದರ ಮೇಲೆಯೇ ದೇವರ ಗದ್ದಿಗೆ ಹಾಕಬೇಕು. ಮದುವೆಯಾಗಲಿ, ಮಗುವಿನ ಮೊದಲ ಕೂದಲು ತೆಗೆಸುವ ಜವಳವಾಗಲಿ, ಆ ಗದ್ದಿಗೆಯ ಮುಂದೆ ಅರಿಶಿನದ ಭಂಡಾರ ಹಚ್ಚಿಕೊಂಡ ಮೇಲೆಯೇ ಕೆಲಸ ಶುರು. ಸಾಲ ತೀರುವ ತನಕ ಆ ಮನೆಯಲ್ಲಿ ಶುಭಕಾರ್ಯವಿಲ್ಲ. ಸಂತೆಯಲ್ಲಿ ಮಾರಿದರೆ ಎರಡು ಚಹಾದ ಕಾಸು ಹುಟ್ಟದ ಆ ಹಳೆಯ ಉಣ್ಣೆಯ ನಂಬಿಕೆಯ ಮೇಲೆ ಇಷ್ಟು ವರ್ಷ ಡಬ್ಬಿ ತುಂಬುತ್ತ, ಖಾಲಿಯಾಗುತ್ತ, ಮತ್ತೆ ತುಂಬುತ್ತ ಬಂದಿದೆ. ಒಬ್ಬರೂ ಮುಳುಗಿಸಿಲ್ಲ. ನೆನೆದರೆ ಆಶ್ಚರ್ಯವಾಗುತ್ತದೆ.

"ಪಂಪಮ್ಮ ಸಾಲ ತೀರಿಸ್ಯಾಳ್ರಿ. ಬರೋ ಬುಧವಾರ ಅಕ್ಷಯ ತದಿಗಿ ದಿನ ಅವಳ ಮಗಳು ಶೃತಿ ಮದಿವಿ. ನಾನ ಕಂಬಳಿ ಕೊಡಬೇಕು. ಎಲ್ಲಿಂದ ಕೊಡ್ಲಿ?" ಭರಮಮ್ಮನ ಧ್ವನಿ ಅಲ್ಲಿ ಒಡೆಯಿತು. "ಗದ್ದಿಗಿ ಇಲ್ಲದ ಆ ಹುಡುಗಿ ಹಂದರಕ್ಕ ಹೆಂಗ ಬರ್ತಾಳ? ಇಟ್ಟುಕೊಂಡದ್ದು ತಿರುಗಿ ಕೊಡಲಿಲ್ಲ ಅಂದ್ರ ನನ್ನ ಮಾತು ಸತ್ತಂಗ."

ಹತ್ತೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಮನೆ ಕಳವು, ಆರೋಪಿ ಅಪರಿಚಿತ.

ಸ್ಥಳ ಪಂಚನಾಮೆಗೆ ಇಬ್ಬರು ಪಂಚರ ಜೊತೆ ಕೋಮಲಾ ಹೋದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಬೀಗ ಒಡೆದಿರಲಿಲ್ಲ. ಕೀಲಿಕೈ ಬಾಗಿಲ ಮೇಲಿನ ಗೂಡಿನಲ್ಲಿ ಇರುವುದು ಸಾಲ ತೆಗೆದುಕೊಂಡವರಿಗೆಲ್ಲ ಗೊತ್ತಿತ್ತು. ಹಿಂದಿನ ದಿನ, ಬುಧವಾರ ರಾತ್ರಿ, ಭರಮಮ್ಮ ಪಂಪಮ್ಮನ ಮನೆಯಲ್ಲಿ ಮದುವೆಯ ಕೆಲಸಕ್ಕೆಂದು ಉಳಿದಿದ್ದಳು. ಒಳಗೆ ಗೋಡೆಯುದ್ದಕ್ಕೂ ಹಲಗೆಗಳು ಖಾಲಿ. ಒಂದು ಹಲಗೆಯ ಮೇಲೆ ಮಾತ್ರ ಅಂಗೈಯಗಲದ ಬುದ್ಧನ ಮೂರ್ತಿ ಕೂತಿತ್ತು.

"ಇದು?" ಕೋಮಲಾ ಕೇಳಿದಳು.

"ಕೋಗಳಿ ಭೀಮರಾಜಂದು. ಅವರ ಮನ್ಯಾಗ ಕಂಬಳಿ ಇಲ್ಲ. ದಿನಾ ಕೈ ಮುಗಿಯೋದು ಏನೈತೋ ಅದು ತಾ ಅಂದೆ. ತಂದ."

ಅಂಥದ್ದೇ ಮೂರ್ತಿ ಕೋಮಲಾಳ ಮನೆಯಲ್ಲೂ ಇದೆ. ಭೀಮರಾಜ ಅವಳ ತಂದೆಯ ಓಣಿಯವನೇ. ಅದರ ಮುಂದೆಯೂ ಭರಮಮ್ಮ ದಿನಾ ದೀಪ ಹಚ್ಚುತ್ತಿದ್ದಳೆಂಬುದು ಎಣ್ಣೆಯ ಕಲೆಯಿಂದ ಕಾಣುತ್ತಿತ್ತು. ಕೋಮಲಾ ಟೋಪಿ ತೆಗೆದು ಕೈಯಲ್ಲಿ ಹಿಡಿದಳು.

ಅಂಗಳದ ಧೂಳಿನಲ್ಲಿ ಚಪ್ಪಲಿಯ ಗುರುತುಗಳು ಹೊಸ್ತಿಲ ತನಕ ಬಂದು ನಿಂತಿದ್ದವು. ಒಳಗಿನ ಮಣ್ಣು ನೆಲದ ಮೇಲೆ ಇದ್ದದ್ದು ಬರಿಗಾಲಿನ ಗುರುತು.

"ಸಪ್ಪಳ ಆಗಬಾರದು ಅಂತ ಬಿಚ್ಯಾನ" ಎಂದ ಹುಲುಗಣ್ಣ.

"ಸಪ್ಪಳಕ್ಕ ಅಂಜೋನು ಗೇಟಿನ್ಯಾಗ ಬಿಚ್ಚತಿದ್ದ. ಇವನು ಹೊಸ್ತಿಲದಾಗ ಬಿಚ್ಯಾನ. ಗುಡಿಗೆ ಬಂದಂಗ ಬಂದಾನ."

ಕೋಮಲಾ ಅದನ್ನು ಪಂಚನಾಮೆಯಲ್ಲಿ ಬರೆಸಿದಳು. ಗೇಟಿನ ಹೊರಗೆ ನಾಲ್ಕು ಚಕ್ರದ ಸಣ್ಣ ಗೂಡ್ಸ್ ಗಾಡಿಯ ಟೈರಿನ ಗುರುತು ಸಿಕ್ಕಿತು. ಅಂಥ ಗಾಡಿಗಳು ಈಗ ಊರಿಗೆ ಹತ್ತು ಇವೆ.

ಶುಕ್ರವಾರ ಇಡೀ ದಿನ ವಿಚಾರಣೆ ನಡೆಯಿತು. ಮೊದಲ ಸಂಶಯ ಸಾಲಗಾರರ ಮೇಲೆಯೇ. ಅಡವು ಹೋದರೆ ಸಾಲವೂ ಹೋಯಿತು ಎಂದುಕೊಳ್ಳುವ ಒಬ್ಬನಾದರೂ ಇದ್ದೇ ಇರುತ್ತಾನೆಂದು ಹುಲುಗಣ್ಣ ಪಣ ಕಟ್ಟಿದ್ದ. ನೋಟಿಸು ಕೊಡುವ ಮೊದಲೇ ಸಾಲಗಾರರು ತಾವಾಗಿ ಠಾಣೆಯ ಮುಂದೆ ಬಂದು ನಿಂತರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನನ್ನು ಹುಲುಗಣ್ಣ ಸಂಜೆಯ ತನಕ ಹುಡುಕಿದ. ಒಬ್ಬನೂ ಮುಟ್ಟಿಕೊಳ್ಳಲಿಲ್ಲ. ಎಲ್ಲರ ಪ್ರಶ್ನೆ ಕಂಬಳಿ ಯಾವಾಗ ಸಿಗುತ್ತದೆ ಎನ್ನುವುದೇ ಆಗಿತ್ತು.

"ಇನ್ನ ಕಂತು ಕಟ್ತೀರೇನು?" ಎಂದು ಅವನು ಒಬ್ಬ ಕುರಿಗಾರನನ್ನು ಕೇಳಿದ.

ಆ ಮನುಷ್ಯ ಅವನನ್ನು ವಿಚಿತ್ರವಾಗಿ ನೋಡಿದ. "ಕಂಬಳಿ ಕಳುವಾಗೈತ್ರಿ. ಸಾಲ ಕಳುವಾಗಿಲ್ಲಲ್ಲ."

ಹುಲುಗಣ್ಣ ಪೆನ್ನು ಮುಚ್ಚಿದ. ಪೊಲೀಸ್ ಕೆಲಸಕ್ಕೆ ಸೇರಿದಾಗಿನಿಂದ ಮನುಷ್ಯರ ಬಗ್ಗೆ ಅವನು ಕಟ್ಟಿಕೊಂಡಿದ್ದ ಲೆಕ್ಕಾಚಾರವೆಲ್ಲ ಅಂದು ತಲೆಕೆಳಗಾಯಿತು.

ಎರಡನೆಯ ಸಂಶಯ ಫೈನಾನ್ಸಿನವರ ಮೇಲೆ. ಹಗರಿಬೊಮ್ಮನಹಳ್ಳಿಯ ಒಂದು ಶಾಖೆಯಲ್ಲಿ ಕೆಲಸ ಮಾಡುವ ಮೇಘಾ ಎಂಬ ಹುಡುಗಿ ಹಿಂದಿನ ವಾರ ಭರಮಮ್ಮನ ಮನೆಯ ಫೋಟೊ ತೆಗೆದುಕೊಂಡು ಹೋಗಿದ್ದಳು. ಅವಳನ್ನು ಕರೆಸಿದರು.

"ಫೋಟೊ ಯಾಕ ತೆಗೆದಿ?"

"ನಮ್ಮ ಮ್ಯಾನೇಜರ್ ಕಳಿಸಿದ್ರು ಮೇಡಂ. ನಾವು ಆಧಾರ್ ತಗೊಂತೀವಿ, ಮೂರು ಜನರ ಜಾಮೀನು ತಗೊಂತೀವಿ, ಮನಿಗೆ ಹೋಗಿ ಕೂತ್ಕೊಂತೀವಿ. ಆದ್ರೂ ಕಂತು ತಪ್ತೈತಿ. ಅಜ್ಜಿ ಹತ್ರ ಯಾಕ ತಪ್ಪಲ್ಲ, ಹೋಗಿ ಕಲ್ತು ಬಾ ಅಂದ್ರು."

"ಕಲ್ತಿಯೇನು?"

"ರಿಪೋರ್ಟಿನ್ಯಾಗ ಏನು ಬರೀಬೇಕು ಅಂತ ಇನ್ನೂ ತಿಳಿವಲ್ದು."

ಅವಳನ್ನು ಕಳಿಸಿಕೊಟ್ಟು ಕೋಮಲಾ ಒಬ್ಬಳೇ ಕೂತು ಯೋಚಿಸಿದಳು. ಕಳ್ಳನಿಗೆ ರೊಕ್ಕ ಬೇಡ. ಕಂಬಳಿಯ ಮೇಲೆ ಭಕ್ತಿಯಿದೆ. ಸಾಲ ತಪ್ಪಿಸುವ ಮನಸ್ಸೂ ಅಲ್ಲ. ಕಂಬಳಿಗಳು ವರ್ಷಗಟ್ಟಲೆ ಆ ಕೋಣೆಯಲ್ಲಿ ಸುಮ್ಮನೆ ಇದ್ದವು. ಈಗಲೇ ಯಾಕೆ ಹೋದವು? ಅವಳು ಎದ್ದು ಭರಮಮ್ಮನ ಮನೆಗೆ ಹೋದಳು.

"ಅಮ್ಮಾ, ಈ ವಾರ ನಿನ್ನ ಕೋಣಿಯಿಂದ ಹೊರಗ ಹೋಗಬೇಕಾದ ಕಂಬಳಿ ಯಾವ್ಯಾವು?"

"ಎರಡ. ಪಂಪಮ್ಮಂದೊಂದು. ಹಲವಾಗಲು ಮೈಲಾರೇಶಂದೊಂದು. ಭಾನುವಾರ ಅಮಾಸಿ, ಅವತ್ತು ನಾನ ತಂದು ನಿಮ್ಮ ಹಿರ್ಯಾರ ಕೈಗೆ ಕೊಡ್ತೀನಿ ಅಂತ ಹೇಳಿ ಕಳಿಸಿದ್ದೆ."

"ಅವನೇ ಯಾಕ ಬಂದು ಒಯ್ಯಲಿಲ್ಲ?"

"ಇವತ್ತು ಬರ್ತೀನಿ, ನಾಳಿ ಬರ್ತೀನಿ ಅಂದ. ಸಾಲ ತೀರಿಸಿದ್ದೂ ಅವನಲ್ಲ ತಾಯಿ. ಏಳು ವರ್ಷದಿಂದ ಇಷ್ಟಿಷ್ಟ ಕಟ್ಟತಿದ್ದ. ಗಾಡಿ ಐತಿ, ಮಾಳಿಗಿ ಮ್ಯಾಲೆ ಮಾಳಿಗಿ ಕಟ್ಟ್ಯಾನ, ಆದ್ರೂ ಪೂರಾ ಕಟ್ಟವಲ್ಲ. ಮಗನ ಜವಳ ನಿಂತೈತಿ ಅಂತ ಹೋದ ತಿಂಗಳ ಅವನ ಹೆಂಡ್ತಿ ಅಂಜಿನಕ್ಕನ ಬಂದು ಉಳಿದದ್ದೆಲ್ಲ ಕಟ್ಟಿ ಹೋದ್ಲು."

"ಅವನಿಗೆ ಹೇಳಿದ್ಲೇನು?"

"ಕಟ್ಟಿದ ಮ್ಯಾಲೆ ಹೇಳ್ತೀನಿ, ಖುಷಿ ಪಡ್ತಾನ ಅಂದ್ಲು."

ಮೈಲಾರೇಶನದು ಕುರಿ ಸಾಗಿಸುವ ಗೂಡ್ಸ್ ಗಾಡಿ. ಹಡಗಲಿ ರಸ್ತೆಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಅದು ಬುಧವಾರ ಊರೊಳಗೆ ಬಂದದ್ದೂ, ಟಾರ್ಪಾಲು ಹೊದ್ದು ಹಿಂದಿರುಗಿದ್ದೂ ದಾಖಲಾಗಿತ್ತು.

ಶನಿವಾರ ಬೆಳಿಗ್ಗೆ, ಅಲ್ಲಿನ ಠಾಣೆಗೆ ಮಾಹಿತಿ ಕೊಟ್ಟು, ಪಂಚರೊಂದಿಗೆ ಕೋಮಲಾ ಹಲವಾಗಲು ತಲುಪಿದಳು. ಹೊಳೆಯ ಕಡೆ ಮುಖ ಮಾಡಿದ ಹೊಸ ಮನೆ. ಮೈಲಾರೇಶ ಬಾಗಿಲಲ್ಲೇ ನಿಂತಿದ್ದ. ಪೊಲೀಸರನ್ನು ಕಂಡು ಓಡಲಿಲ್ಲ.

"ಎಲ್ಲಿ ಅದಾವು?"

"ಮ್ಯಾಲೆ, ಮೇಡಂ."

ಮೇಲಿನ ಕೋಣೆಯ ಗೋಡೆಗೆ ಇನ್ನೂ ಗಿಲಾವು ಆಗಿರಲಿಲ್ಲ. ಬಾಗಿಲು ತೆರೆದ ಹುಲುಗಣ್ಣ ಹೊಸ್ತಿಲಲ್ಲೇ ನಿಂತುಬಿಟ್ಟ. ಕದ್ದ ಮಾಲು ಎಂದರೆ ಅವನು ಗೋಣಿಚೀಲ, ಬಾವಿ, ಹೊಲದ ಬಣವೆ ನೋಡಿದವನು. ಇಲ್ಲಿ ಸಾರಿಸಿದ ನೆಲದ ಮೇಲೆ ಹಲಗೆ, ಹಲಗೆಯ ಮೇಲೆ ಅಂಚು ಕೂಡಿಸಿ ಮಡಿಸಿಟ್ಟ ಕಂಬಳಿಗಳು, ಒಂದೊಂದರ ಮೇಲೂ ಚಿಟಿಕೆ ಭಂಡಾರ. ಮುಂದೆ ಎಣ್ಣೆ ದೀಪ ಉರಿಯುತ್ತಿತ್ತು. ಜಪ್ತಿ ಮಾಡಲು ಬಂದವರು ಒಂದು ಕ್ಷಣ ಕೈ ಮುಗಿಯುವ ಹಾಗಾಯಿತು.

"ಕದ್ದದ್ದು ಯಾಕ?" ಕೋಮಲಾ ಕೇಳಿದಳು.

"ನಮ್ಮನೀದು ಅಂತ ನಾ ಅಡವಿಟ್ಟದ್ದು ನಮ್ಮನೀದಲ್ರಿ."

ಏಳು ವರ್ಷದ ಹಿಂದೆ ಅವನು ಕುರಿ ಹಿಂಡಿನ ಜೊತೆ ಹೊಳೆ ದಾಟುತ್ತಿದ್ದಾಗ ನೀರು ಏರಿತ್ತು. ಹಿಂಡಿನ ಜೊತೆ ಹೋಗುವವನ ಹೆಗಲ ಮೇಲೆ ಮನೆಯ ಕಂಬಳಿ ಇರುವುದು ಅವರ ಪದ್ಧತಿ. ತೋಯ್ದು ಕಲ್ಲಿನಂತೆ ಭಾರವಾದ ಕಂಬಳಿ ಅವನನ್ನು ಕೆಳಕ್ಕೆಳೆಯಿತು. ಬಿಟ್ಟ. ತಾನು ಉಳಿದ, ಕಂಬಳಿ ಹೋಯಿತು. ದೊಡ್ಡಪ್ಪ ಬಂಗಾರಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ.

"ಮನ್ಯಾಗ ಕಂಬಳಿ ಎಲ್ಲಿ ಅಂತ ಕೇಳ್ತಿದ್ರು. ಸಂತ್ಯಾಗ ಒಂದು ತಗೊಂಡು ಭರಮಮ್ಮಗ ಅಡವಿಟ್ಟೆ. ಅಡ ಐತಿ ಅಂದ್ರ ಯಾರೂ ಮುಂದ ಕೇಳಲ್ಲ."

"ಅಂದ್ರ ನಿನಗ ರೊಕ್ಕ ಬೇಕಾಗಿರಲಿಲ್ಲ?"

"ಇಲ್ರಿ. ಆ ರೊಕ್ಕದಾಗ ಗಾಡಿ ತಗೊಂಡೆ, ಚಲೋ ಆತು. ಆದ್ರ ಸಾಲ ತೀರಬಾರದಿತ್ತು. ತೀರಿದ್ರ ಕಂಬಳಿ ಮನಿಗೆ ಬರ್ತೈತಿ. ನಮ್ಮ ದೊಡ್ಡಪ್ಪ ಅಂಚು ಮುಟ್ಟಿದ್ರ ಸಾಕು, ಗೊತ್ತಾಗಿಬಿಡ್ತೈತಿ."

"ನಿಂದೊಂದ ತಗೊಂಡು ಹೋಗಬಹುದಿತ್ತು."

"ನಂದೊಂದ ಹೋದ್ರ ಎಲ್ಲಾರ ಕಣ್ಣು ನನ್ನ ಮ್ಯಾಲೆ. ಎಲ್ಲಾ ತಂದೆ. ಹೊಳಿಗೆ ಹಾಕಬೇಕು ಅಂತ ದಂಡಿ ತನಕ ಹೋದ್ನಿ. ಕೈ ಬರಲಿಲ್ಲ. ಮಂದಿ ಮನಿ ದೇವರ ಗದ್ದಿಗಿ ಅವು."

ಸಾಲಕ್ಕಾಗಿ ಸುಳ್ಳು ಹೇಳುವವರನ್ನು ಕೋಮಲಾ ದಿನಾ ನೋಡುತ್ತಾಳೆ. ಸುಳ್ಳು ಉಳಿಯಲೆಂದು ಸಾಲ ಉಳಿಸಿಕೊಂಡವನನ್ನು ನೋಡಿದ್ದು ಇದೇ ಮೊದಲು. ಬೆಳಿಗ್ಗೆ ಹನ್ನೊಂದೂಮುಕ್ಕಾಲಿಗೆ ಅವನನ್ನು ದಸ್ತಗಿರಿ ಮಾಡಿದ್ದಾಗಿ ಬರೆದಳು. ಉದ್ದೇಶ ಎಂಬಲ್ಲಿ 'ಹಿರಿಯರ ಭಯ' ಎಂದಷ್ಟೇ ಬರೆದು, ಬೇರೆ ಪದ ಹೊಳೆಯದೆ ಹಾಗೆಯೇ ಬಿಟ್ಟಳು.

ಮಾಲು ಗುರುತಿಸಲು ಭರಮಮ್ಮ ಮಧ್ಯಾಹ್ನ ಠಾಣೆಗೆ ಬಂದಳು. ಒಂದೊಂದೇ ಕಂಬಳಿ ಕೈಗೆತ್ತಿಕೊಂಡು ಮನೆಯ ಹೆಸರು ಹೇಳುತ್ತ ಹೋದಳು. ಪಂಪಮ್ಮನದು ಸಿಕ್ಕಾಗ ಎದೆಗೆ ಒತ್ತಿಕೊಂಡಳು. ಕೊನೆಗೆ ಮೈಲಾರೇಶನದು ಬಂತು. ಅವನು ಮೂಲೆಯಿಂದ ಎದ್ದು ನಿಂತು ತಾನೇ ಎಲ್ಲವನ್ನೂ ಹೇಳಿದ.

ಭರಮಮ್ಮನಿಗೆ ಇದು ಗೊತ್ತಿರಲಿಲ್ಲ. ಕಂಬಳಿಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದಳು.

"ಏಳು ವರ್ಷ ದಿನಾ ದೀಪ ಹಚ್ಚೀನಿ ಇದಕ್ಕ" ಎಂದಳು. ಮತ್ತೆ ಕೈ ಚಾಚಿ ಕಂಬಳಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. "ನೀ ಸುಳ್ಳು ಹೇಳಿರಬಹುದು ತಮ್ಮಾ. ನಾ ಸುಳ್ಳು ಕೈ ಮುಗಿದಿಲ್ಲ. ಇನ್ನ ಮ್ಯಾಲೆ ಇದು ನಿಮ್ಮನೀದ."

ಅಲ್ಲಿಯವರೆಗೆ ಅಳದಿದ್ದ ಮೈಲಾರೇಶ ಗೋಡೆಗೆ ಮುಖ ಮಾಡಿ ಅತ್ತ.

ಭಾನುವಾರ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ನ್ಯಾಯಾಂಗ ಬಂಧನವಾಯಿತು. ಶೃತಿಯ ಮದುವೆಯ ದಿನಾಂಕ ಕಾಣಿಸಿ ಕೋಮಲಾ ಸಲ್ಲಿಸಿದ ಮನವಿಯ ಮೇಲೆ, ಸೋಮವಾರ ಮಧ್ಯಾಹ್ನ ಕಂಬಳಿಗಳನ್ನು ಭರಮಮ್ಮನ ವಶಕ್ಕೆ ಕೊಡಲು ಆದೇಶವಾಯಿತು. ಹೆಬ್ಬೆಟ್ಟು ಒತ್ತಿ ಹೊರಬಂದವಳು ಮೊದಲು ಹೋದದ್ದು ಪಂಪಮ್ಮನ ಮನೆಗೆ. ಅಲ್ಲಿಂದ ಹಲವಾಗಲಿಗೆ. ಹೇಳಿಕೆಗೆ ಸಹಿ ಬೇಕೆಂಬ ನೆಪದಲ್ಲಿ ಕೋಮಲಾಳೂ ಜೊತೆಗೆ ಹೋದಳು.

ಬಂಗಾರಪ್ಪ ಪಡಸಾಲೆಯಲ್ಲಿ ಕೂತಿದ್ದ. ಕಣ್ಣು ಮಬ್ಬಾದ ಮುದುಕ. ಭರಮಮ್ಮ ಕಂಬಳಿಯನ್ನು ಅವನ ಕೈಗಿಟ್ಟಳು. ಅವನ ಬೆರಳು ತಾನಾಗಿ ಅಂಚಿಗೆ ಹೋಯಿತು, ಅಂಚಿನುದ್ದಕ್ಕೂ ಹರಿದಾಡಿ ನಿಂತಿತು.

"ಇದು ನಮ್ಮನೀದಲ್ಲ."

ಭರಮಮ್ಮ ಏನನ್ನೂ ಮುಚ್ಚಿಡದೆ ಹೇಳಿದಳು. ಹೊಳೆಯ ಮಾತು ಬಂದಾಗ ಅಂಜಿನಕ್ಕ ಸೆರಗು ಬಾಯಿಗೊತ್ತಿಕೊಂಡಳು. ಅವಳಿಗೂ ಅದೇ ಮೊದಲ ಸಲ ತಿಳಿದದ್ದು.

"ಕಂಬಳಿ ಹೊಳಿ ಪಾಲಾತು ಅಂತ ಹೇಳಿದ್ರ ನಾ ಏನು ಅಂತಿದ್ನಿ?" ಮುದುಕ ಯಾರನ್ನೋ ಕೇಳುವವನಂತೆ ಕೇಳಿದ. "ಹೋದ್ರ ಹೋಗ್ಲಿ, ಹುಡುಗ ಉಳಿದನಲ್ಲ ಅಂತಿದ್ನಿ. ಅಷ್ಟು ಅಂಜಿಕಿ ಇತ್ತೇನು ಅವಂಗ, ನಂದು?"

ಅವನು ಕೆಳಗಿಳಿದು, ತಾನೇ ತಡವರಿಸುತ್ತ ಕಂಬಳಿಯನ್ನು ನೆಲಕ್ಕೆ ಹಾಸಿದ. ಮೂಲೆ ಎಳೆದು ಸುಕ್ಕು ಬಿಡಿಸಿದ. ಭಂಡಾರ ಇಟ್ಟು ಅದರ ಮೇಲೆ ಹಣೆ ಮುಟ್ಟಿಸಿದ.

"ಅವನ್ನ ಮನಿಗೆ ಕರಕೊಂಡು ಬರಾಕ ಏನು ಬೇಕ್ರಿ ಮೇಡಂ?" ತಲೆಯೆತ್ತಿ ಕೇಳಿದ.

"ಯಾರಾದ್ರೂ ಜಾಮೀನು ಕೊಡಬೇಕು, ಯಜಮಾನ."

"ನಾ ಕೊಡ್ತೀನಿ" ಎಂದ ಬಂಗಾರಪ್ಪ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ, ಅಂಜಿನಕ್ಕನ ಕೈ ಹಿಡಿದುಕೊಂಡು, ಅವನು ಹಡಗಲಿಯ ಕೋರ್ಟಿಗೆ ಹೊರಟ.